ಒಂದು ಗಂಟೆ ಕುದಿಸಿದರೂ ಇಡೀ ಗೋಧಿ ಬೇಯುತ್ತಿಲ್ಲ: ಅರ್ಧ ಮೆತ್ತಗೆ, ಅರ್ಧ ಕಲ್ಲು

ಹೊಸ ಒಲೆ

ಎಲ್ಲರಿಗೂ ನಮಸ್ಕಾರ. ಹಿಟ್ಟು ಮಾಡಿಸದೆ, ನುಚ್ಚು ಒಡೆಸದೆ, ಗೋಧಿಯನ್ನು ಇಡೀ ಕಾಳಾಗಿಯೇ ಬೇಯಿಸಿ ತಿನ್ನಬೇಕೆಂದು ಹಟ ಹಿಡಿದಿದ್ದೇನೆ. ಮೂರು ಸಲ ಮಾಡಿದೆ, ಮೂರು ಸಲವೂ ಸೋತೆ.

ನಿನ್ನೆ ಮಾಡಿದ್ದು ಹೀಗೆ. ಒಂದು ಬಟ್ಟಲು ಗೋಧಿ ತೊಳೆದು, ಮೂರು ಬಟ್ಟಲು ನೀರು ಮತ್ತು ಉಪ್ಪು ಹಾಕಿ, ಮೂರು ಟೊಮೆಟೊ ಹೆಚ್ಚಿ ಅದರಲ್ಲೇ ಸೇರಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟೆ. ನೆನೆಹಾಕಿರಲಿಲ್ಲ. ಬಾಯಿಗೆ ಹಾಕಿಕೊಂಡರೆ ಒಂದು ಕಾಳು ಹದವಾಗಿ ಬೆಂದಿದೆ, ಪಕ್ಕದ ಕಾಳು ಹಲ್ಲಿಗೆ ಟಕ್ಕೆಂದು ಹೊಡೆಯುತ್ತದೆ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಇದು ಹೇಗೆ? ಮನೆಯವರು ಎರಡು ಚಮಚ ತಿಂದು, ‘ಹಲ್ಲಿನ ವೈದ್ಯರ ಖರ್ಚನ್ನೂ ಇದರ ಲೆಕ್ಕಕ್ಕೇ ಬರೆದುಕೊಳ್ಳಿ’ ಎಂದು ತಟ್ಟೆ ಸರಿಸಿದರು.

ಮುಚ್ಚಳ

ಕುಕ್ಕರಿಗೆ ಹಾಕಿ ಆರು ಕೂಗು ಕೂಗಿಸಿ. ಮುಗಿಯಿತು.

ನಿಧಾನ ಉರಿ

ಮುಚ್ಚಳ ಅವರೇ, ನಿಮ್ಮ ಕುಕ್ಕರಿನ ಆರು ಕೂಗು ಅವರ ಕುಕ್ಕರಿನ ಆರು ಕೂಗಾಗಬೇಕೆಂದೇನೂ ಇಲ್ಲ. ಉರಿ ಜೋರಾಗಿದ್ದರೆ ಹತ್ತು ನಿಮಿಷದಲ್ಲಿ ಆರು ಕೂಗು ಮುಗಿದುಹೋಗುತ್ತದೆ, ಸಣ್ಣಗಿದ್ದರೆ ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ. ಅನ್ನಕ್ಕೆ ಈ ಲೆಕ್ಕ ಹೇಗೋ ನಡೆಯುತ್ತದೆ, ಇಡೀ ಗೋಧಿಗೆ ನಡೆಯುವುದಿಲ್ಲ. ಒತ್ತಡ ಏರಿದ ಮೇಲೆ ಉರಿ ತಗ್ಗಿಸಿ ಗಡಿಯಾರ ನೋಡಿಕೊಳ್ಳುವುದೇ ದಾರಿ.

ಹೊಸ ಒಲೆಯವರ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಸಹಿಸಿಕೊಳ್ಳಿ. ಗೋಧಿ ಕಾಳಿನಲ್ಲಿ ಮೂರು ಭಾಗಗಳಿವೆ. ತೂಕದಲ್ಲಿ ನೂರಕ್ಕೆ ಸುಮಾರು 83 ಪಾಲು ಒಳಗಿನ ಹಿಟ್ಟು, 14 ಪಾಲು ಹೊರಗಿನ ತೌಡು, ಉಳಿದ ಎರಡು ಮೂರು ಪಾಲು ಒಂದು ತುದಿಯಲ್ಲಿ ಕುಳಿತಿರುವ ಮೊಳಕೆಯ ಕಣ್ಣು. ತೌಡು ಎಂದರೆ ಒಂದರ ಮೇಲೊಂದು ಅಂಟಿಕೊಂಡ ಪದರಗಳ ಹೊದಿಕೆ. ಮಳೆಯಲ್ಲಿ ಕಾಳು ಕೊಳೆಯದಂತೆ ಕಾಯುವುದು ಅದರ ಕೆಲಸ, ನಿಮ್ಮ ಪಾತ್ರೆಯಲ್ಲೂ ಅದು ಆ ಕೆಲಸವನ್ನೇ ಮಾಡುತ್ತದೆ. ನೀರು ಮೊದಲು ನುಸುಳುವುದು ಬಹುಪಾಲು ಮೊಳಕೆಯ ಕಣ್ಣಿರುವ ತುದಿಯಿಂದ. ಅಲ್ಲಿಂದ ನಡುವಿಗೆ ಬರಬೇಕು. ಬಿಳಿ ಅಕ್ಕಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬೇಯುವುದು ಅದರ ಹೊದಿಕೆಯನ್ನು ಗಿರಣಿಯಲ್ಲೇ ಕಿತ್ತಿರುವುದರಿಂದ.

ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನೀರು ಹೀರಿ ಉಬ್ಬತೊಡಗುತ್ತದೆ. ಆದ್ದರಿಂದ ನಿಮ್ಮ ಪಾತ್ರೆಯಲ್ಲಿ ಬಿಸಿಗೆ ಕೊರತೆಯಿಲ್ಲ. ಕಾಳಿನ ನಡುವಿಗೆ ಬಿಸಿ ಕೆಲವೇ ನಿಮಿಷಗಳಲ್ಲಿ ತಲುಪುತ್ತದೆ, ನೀರು ತಲುಪಲು ಒಂದು ಗಂಟೆಯೋ ಹೆಚ್ಚೋ ಹಿಡಿಯುತ್ತದೆ. ಉರಿ ಜೋರು ಮಾಡಿದರೆ ತಳ ಹಿಡಿಯುತ್ತದೆಯೇ ಹೊರತು ನೀರು ಬೇಗ ಒಳಗೆ ಹೋಗುವುದಿಲ್ಲ.

ಬೆಂದಿದೆಯೇ ಎಂದು ನೋಡಲು ಗಡಿಯಾರವನ್ನೂ ಪೂರ್ತಿ ನಂಬಬೇಡಿ. ನಾಲ್ಕು ಕಾಳು ಚಮಚದಲ್ಲಿ ತೆಗೆದು, ಹಲಗೆಯ ಮೇಲಿಟ್ಟು, ಚಾಕುವಿನಿಂದ ಅಡ್ಡಲಾಗಿ ಕತ್ತರಿಸಿ. ಬೇಯದ ಕಾಳಿನ ನಡುವೆ ಸಾಸಿವೆಯಷ್ಟು ಒಣ ಚುಕ್ಕೆ ಕಾಣುತ್ತದೆ, ಅದರ ಸುತ್ತ ಮಾತ್ರ ತೇವದ ಹೊಳಪಿರುತ್ತದೆ. ಚುಕ್ಕೆ ಹೋಗಿ ಒಳಗೆಲ್ಲ ಒಂದೇ ಬಣ್ಣ ಬಂದಿದ್ದರೆ ಬೆಂದಿದೆ. ಆ ಹೊತ್ತಿಗೆ ಪಾತ್ರೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಸೀಳಿಕೊಂಡು ಒಳಗಿನ ಬಿಳುಪು ತೋರಿಸುತ್ತಿರುತ್ತದೆ. ಎಲ್ಲವೂ ಸೀಳಿದ್ದರೆ ಹದ ಮೀರಿದೆ. ಗಂಜಿಗಾದರೆ ಅದೂ ಒಳ್ಳೆಯದೇ.

ತೌಡುಪ್ರಿಯೆ

ಮೂರು ಟೊಮೆಟೊ! ಅಪರಾಧಿ ಅಲ್ಲೇ ಇದ್ದಾನೆ. ಹುಳಿ ಇದ್ದರೆ ಸಸ್ಯದ ಕೋಶಗಳ ಗೋಡೆ ಬೇಗ ಸಡಿಲವಾಗುವುದಿಲ್ಲ. ಕಾಳು ಪೂರ್ತಿ ಬೆಂದ ಮೇಲೆಯೇ ಟೊಮೆಟೊ, ನಿಂಬೆರಸ, ವಿನೆಗರ್ ಏನಿದ್ದರೂ. ಬೆಂದ ಮೇಲೆ ಎಷ್ಟು ಹುಳಿ ಹಾಕಿದರೂ ಅದು ಮತ್ತೆ ಕಲ್ಲಾಗುವುದಿಲ್ಲ.

ಹೊಸ ಒಲೆ

ತೌಡುಪ್ರಿಯೆ ಅವರೇ, ಒಪ್ಪಿದೆ, ಆದರೆ ಟೊಮೆಟೊ ರಸ ಎಲ್ಲ ಕಾಳುಗಳಿಗೂ ಒಂದೇ ಅಲ್ಲವೇ? ಅರ್ಧ ಬೆಂದು ಅರ್ಧ ಬೇಯದಿರಲು ಅದು ಹೇಗೆ ಕಾರಣವಾದೀತು?

ತೌಡುಪ್ರಿಯೆ

ಒಳ್ಳೆಯ ಪ್ರಶ್ನೆ. ಉತ್ತರ ಹೊಳೆಯುತ್ತಿಲ್ಲ.

ಅಳತೆ ಬಟ್ಟಲು

ನಾನು ಲೆಕ್ಕದವಳು, ನನ್ನ ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಹೇಳುತ್ತೇನೆ. ನೆನೆಹಾಕದ ಇಡೀ ಗೋಧಿ ತೆರೆದ ಪಾತ್ರೆಯಲ್ಲಿ 60ರಿಂದ 90 ನಿಮಿಷ. ರಾತ್ರಿಯಿಡೀ ನೆನೆದದ್ದು 40ರಿಂದ 50. ಕುಕ್ಕರಿನಲ್ಲಿ ಒತ್ತಡ ಏರಿದ ಮೇಲೆ ನೆನೆಯದ್ದು 30ರಿಂದ 35, ನೆನೆದದ್ದು 15ರಿಂದ 20 ನಿಮಿಷ. ಒಂದು ಬಟ್ಟಲು ಒಣ ಗೋಧಿ ಬೆಂದಾಗ ಎರಡೂವರೆಯಿಂದ ಮೂರು ಬಟ್ಟಲಾಗುತ್ತದೆ, ಮನೆಯವರ ಸಂಖ್ಯೆ ನೋಡಿ ಹಾಕಿ. ಮೊದಲ ಸಲ ಎರಡು ಬಟ್ಟಲು ಹಾಕಿ ನಾನು ನಾಲ್ಕು ದಿನ ತಿಂದಿದ್ದೇನೆ.

ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಧಾನ್ಯ ಬೇಯುವಾಗ ನೊರೆ ಬರುತ್ತದೆ, ಆ ನೊರೆ ಆವಿ ಹೋಗುವ ರಂಧ್ರವನ್ನು ಕಟ್ಟಿದರೆ ಅಪಾಯ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಆರಿಸಿದ ಕೂಡಲೇ ಆವಿ ಬಿಡುವ ಆತುರವೂ ಬೇಡ. ಒತ್ತಡ ಒಮ್ಮೆಗೇ ಇಳಿದರೆ ಕಾಳು ಒಡೆದುಕೊಳ್ಳುತ್ತದೆ. ತಾನಾಗಿ ಇಳಿಯಲು ಬಿಟ್ಟರೆ ಆ ಹತ್ತು ಹದಿನೈದು ನಿಮಿಷದಲ್ಲಿ ಇನ್ನಷ್ಟು ನೀರು ಹೀರಿ ಹದಕ್ಕೆ ಬರುತ್ತದೆ.

ಮತ್ತೊಂದು. ಉಪ್ಪನ್ನು ಕೊನೆಗೆ ಹಾಕಿ. ಮೊದಲೇ ಹಾಕಿದರೆ ಕಾಳು ಗಟ್ಟಿಯಾಗುತ್ತದೆ.

ನಿಧಾನ ಉರಿ

ಉಳಿದದ್ದಕ್ಕೆಲ್ಲ ಕೈಮುಗಿದೆ. ಉಪ್ಪಿನ ಮಾತನ್ನು ಮಾತ್ರ ಒಪ್ಪುವುದಿಲ್ಲ. ಒಂದೇ ಡಬ್ಬಿಯ ಗೋಧಿಯನ್ನು ಎರಡು ಪಾತ್ರೆಗೆ ಹಾಕಿ, ಒಂದಕ್ಕೆ ಮೊದಲೇ ಉಪ್ಪು, ಇನ್ನೊಂದಕ್ಕೆ ಕೊನೆಗೆ ಹಾಕಿ ನೋಡಿದ್ದೇನೆ. ಹದದಲ್ಲಿ ವ್ಯತ್ಯಾಸ ಕಾಣಲಿಲ್ಲ, ರುಚಿಯಲ್ಲಿ ಕಂಡಿತು. ಕೊನೆಗೆ ಉಪ್ಪು ಹಾಕಿದ್ದು ಹೊರಗೆ ಉಪ್ಪು, ಒಳಗೆ ಸಪ್ಪೆ.

ಅಳತೆ ಬಟ್ಟಲು

ನಿಮ್ಮ ನಾಲಿಗೆ ನಿಮಗೆ, ನನ್ನ ಪುಸ್ತಕ ನನಗೆ.

ಮುಚ್ಚಳ

ಕೂಗಿನ ವಿಷಯದಲ್ಲಿ ಸೋತೆ, ಇದನ್ನಾದರೂ ಕೇಳಿ. ನೆನೆಸುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ. ಎಂಥ ಗಟ್ಟಿ ಕಾಳೂ ಮೆತ್ತಗಾಗುತ್ತದೆ.

ತೌಡುಪ್ರಿಯೆ

ಆಗುತ್ತದೆ, ನಿಜ. ಕ್ಷಾರ ತೌಡಿನ ಪದರಗಳನ್ನು ಸಡಿಲಿಸುತ್ತದೆ. ಆದರೆ ಆ ತೌಡು ಮತ್ತು ಮೊಳಕೆಯಲ್ಲಿರುವ ಬಿ1 ಜೀವಸತ್ವವನ್ನೂ ಅದೇ ಕ್ಷಾರ ಹಾಳುಮಾಡುತ್ತದೆ. ಅದಕ್ಕಾಗಿಯೇ ಅಲ್ಲವೇ ನಾವು ಇಡೀ ಕಾಳಿನ ಹಿಂದೆ ಬಿದ್ದಿರುವುದು? ಒಂದು ಚಿಟಿಕೆ ಎರಡಾದರೆ ಲೋಳೆ, ಜೊತೆಗೆ ಸಾಬೂನಿನ ರುಚಿ. ನೀರಿನಲ್ಲಿ ಹತ್ತು ಗಂಟೆ ನೆನೆಸುವಷ್ಟು ತಾಳ್ಮೆಯಿದ್ದರೆ ಸೋಡಾ ಏಕೆ ಬೇಕು?

ಮುಚ್ಚಳ

ತಾಳ್ಮೆ ಇದ್ದಿದ್ದರೆ ಕುಕ್ಕರ್ ಏಕೆ ಕೊಳ್ಳುತ್ತಿದ್ದೆ.

ನೆನೆಗಾಳು

ನೆನೆಸುವುದರಿಂದ ಬೇಗ ಬೇಯುವುದಷ್ಟೇ ಅಲ್ಲ, ಫೈಟಿಕ್ ಆಮ್ಲವೆಲ್ಲ ಹೋಗುತ್ತದೆ, ಅದನ್ನು ಯಾರೂ ಹೇಳಲೇ ಇಲ್ಲವಲ್ಲ?

ನಿಧಾನ ಉರಿ

‘ಎಲ್ಲ’ ಎಂಬ ಪದವನ್ನು ತೆಗೆದರೆ ಒಪ್ಪುತ್ತೇನೆ. ತೌಡಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ, ಸತು ಮುಂತಾದವನ್ನು ಹಿಡಿದಿಟ್ಟುಕೊಳ್ಳುತ್ತದೆ, ದೇಹಕ್ಕೆ ಅವು ಪೂರ್ತಿ ದಕ್ಕುವುದಿಲ್ಲ. ಅದನ್ನು ಒಡೆಯುವ ಫೈಟೇಸ್ ಎಂಬ ಕಿಣ್ವವೂ ಗೋಧಿಯಲ್ಲೇ ಇದೆ, ನೀರು ತಗುಲಿದಾಗ ಎಚ್ಚರಗೊಳ್ಳುತ್ತದೆ. ಆದರೆ ಇಡೀ ಕಾಳನ್ನು ಒಂದು ರಾತ್ರಿ ತಣ್ಣೀರಿನಲ್ಲಿಟ್ಟರೆ ಆಗುವ ಇಳಿಕೆ ಸ್ವಲ್ಪವೇ. ಮೊಳಕೆ ಬರಿಸಿದರೆ, ಇಲ್ಲವೇ ಹಿಟ್ಟು ಮಾಡಿ ಹುದುಗಿಸಿದರೆ ಹೆಚ್ಚು. ಬಗೆಬಗೆಯ ಆಹಾರ ತಿನ್ನುವವರು ಇದಕ್ಕಾಗಿ ನಿದ್ದೆಗೆಡಬೇಕಿಲ್ಲ.

ನೆನೆಗಾಳು

ಸರಿ, ಪದ ತೆಗೆದೆ. ಮೊಳಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ದಿನಕ್ಕೆ ಎರಡು ಮೂರು ಸಲ ತೊಳೆಯುತ್ತಿದ್ದರೆ ಒಂದೆರಡು ದಿನದಲ್ಲಿ ಬಿಳಿಯ ಬೇರು ಇಣುಕುತ್ತದೆ. ಬೇರು ಎರಡು ಮೂರು ಮಿಲಿಮೀಟರ್ ಇದ್ದಾಗಲೇ ಬೇಯಿಸಿ. ಪಿಷ್ಟ ಸ್ವಲ್ಪ ಸಕ್ಕರೆಯಾಗಿರುವುದರಿಂದ ಸಿಹಿ, ಬೇಯುವುದೂ ಬೇಗ. ಹಸಿಯಾಗಿ ತಿನ್ನಬೇಡಿ, ಆ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಕ್ಕೂ ಬಲು ಇಷ್ಟ.

ಮೊಳಕೆ ಚೆನ್ನಾಗಿ ಬರುತ್ತದೆಂದು ಬಿತ್ತನೆಗಾಗಿ ಮಾರುವ ಗೋಧಿಯನ್ನು ಮಾತ್ರ ತರಬೇಡಿ. ಅದಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ. ಇರಾಕಿನಲ್ಲಿ 1971ರ ಕೊನೆಯಿಂದ 1972ರವರೆಗೆ ನಡೆದದ್ದು ಗೊತ್ತಿರಬಹುದು. ಬಿತ್ತಲು ತರಿಸಿದ್ದ, ಮೀಥೈಲ್ ಪಾದರಸ ಸವರಿದ ಧಾನ್ಯವನ್ನು ಜನ ಹಿಟ್ಟು ಮಾಡಿ ರೊಟ್ಟಿ ಸುಟ್ಟು ತಿಂದರು. ಆಸ್ಪತ್ರೆ ಸೇರಿದವರು 6,530, ಅಲ್ಲಿ ಸತ್ತವರು 459 ಎಂದು ದಾಖಲಾಗಿದೆ. ಎಚ್ಚರಿಕೆಗೆಂದು ಹಾಕಿದ್ದ ಬಣ್ಣವನ್ನು ತೊಳೆದರೆ ವಿಷವೂ ಹೋಯಿತೆಂದು ಕೆಲವರು ನಂಬಿದ್ದರಂತೆ. ತೊಳೆದಾಗ ಹೋದದ್ದು ಬಣ್ಣ ಮಾತ್ರ.

ತೌಡುಪ್ರಿಯೆ

ಓದಿ ಒಂದು ನಿಮಿಷ ಸುಮ್ಮನೆ ಕುಳಿತೆ.

ಹೊಸ ಒಲೆ

ಎರಡು ದಿನದ ನಂತರ ಬರುತ್ತಿದ್ದೇನೆ. ಒಗಟು ಬಿಡಿಸಿದೆ ಎಂದುಕೊಂಡಿದ್ದೇನೆ.

ನಿಧಾನ ಉರಿಯವರು ಬೆಂದ ಕಾಳನ್ನು ಕತ್ತರಿಸಿ ನೋಡಿ ಎಂದರಲ್ಲ, ನಾನು ಬೇಯಿಸುವ ಮೊದಲೇ ಕತ್ತರಿಸಿ ನೋಡಿದೆ. ಡಬ್ಬಿಯಿಂದ ಒಂದು ಹಿಡಿ ತೆಗೆದು, ಬಿಳಿ ತಟ್ಟೆಯಲ್ಲಿ ಹರಡಿ, ಕನ್ನಡಕ ಹಾಕಿಕೊಂಡು ಕುಳಿತರೆ ಎರಡು ಜಾತಿ ಎದ್ದು ಕಂಡಿತು. ಒಂದು ಗುಂಡಗೆ, ಮಸುಕು ಹಳದಿ. ಇನ್ನೊಂದು ಸಣಕಲು, ಉದ್ದ, ಕೆಂಪು ಮಿಶ್ರಿತ ಕಂದು. ಗುಂಡನೆಯದನ್ನು ಚಾಕುವಿನಿಂದ ಒತ್ತಿದರೆ ಮೆಲ್ಲನೆ ತುಂಡಾಯಿತು, ಒಳಗೆ ಸುಣ್ಣದ ಕಡ್ಡಿಯಂತೆ ಬೆಳ್ಳಗೆ, ಪುಡಿಪುಡಿ. ಸಣಕಲು ಕಾಳು ಚಾಕುವಿಗೆ ಸಿಗದೆ ಹಾರಿ ಒಲೆಯ ಕೆಳಗೆ ಹೋಯಿತು. ಎರಡನೆಯದನ್ನು ಬೆರಳಲ್ಲಿ ಒತ್ತಿ ಹಿಡಿದು ತುಂಡು ಮಾಡಿದೆ. ಒಳಗೆ ಗಾಜು! ಕಿಟಕಿಯ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ, ಸ್ವಲ್ಪ ಪಾರದರ್ಶಕವೂ ಹೌದು.

ಆಗ ನೆನಪಾಯಿತು. ಕೆಲವು ತಿಂಗಳ ಹಿಂದೆ ಡಬ್ಬಿ ಅರ್ಧ ಖಾಲಿಯಾದಾಗ ಹೊಸದಾಗಿ ತಂದ ಗೋಧಿಯನ್ನು ಅದರ ಮೇಲೆಯೇ ಸುರಿದಿದ್ದೆ. ಎರಡು ಬೇರೆ ಗೋಧಿ, ಎರಡು ಬೇರೆ ವಯಸ್ಸು, ಒಂದೇ ಡಬ್ಬಿ.

ಐವತ್ತು ಐವತ್ತು ಕಾಳು ಆರಿಸಿ (ಮನೆಯವರು ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ) ಎರಡು ಚಿಕ್ಕ ಪಾತ್ರೆಯಲ್ಲಿ, ಟೊಮೆಟೊ ಇಲ್ಲದೆ, ನೆನೆಸದೆ ಬೇಯಿಸಿದೆ. ಗುಂಡನೆಯದು 50 ನಿಮಿಷಕ್ಕೆ ಹದವಾಯಿತು. ಗಾಜಿನದು 85 ನಿಮಿಷ ತೆಗೆದುಕೊಂಡಿತು. ನಿನ್ನೆ ರಾತ್ರಿಯಿಂದ ಹತ್ತು ಗಂಟೆ ಕಾಲ ನೆನೆಸಿ ಇಂದು ಮತ್ತೆ ಮಾಡಿದೆ. ಮೊದಲನೆಯದು 30, ಎರಡನೆಯದು 42. ಅಂತರ 35 ನಿಮಿಷದಿಂದ 12ಕ್ಕೆ ಇಳಿಯಿತು.

ನಿಧಾನ ಉರಿ

ಇಷ್ಟು ಚೆನ್ನಾಗಿ ನೋಡಿದ್ದೀರಿ, ನಾನು ಡಬ್ಬಿಯ ಬಗ್ಗೆ ಕೇಳಲೇ ಇಲ್ಲವಲ್ಲ ಎಂದು ನಾಚಿಕೆಯಾಗುತ್ತಿದೆ. ಒಳಗೆ ಗಾಜಿನಂತಿರುವ ಗೋಧಿಯಲ್ಲಿ ಪಿಷ್ಟದ ಕಣಗಳು ಪ್ರೋಟೀನಿನ ನಡುವೆ ಒತ್ತೊತ್ತಾಗಿ, ಗಾಳಿಗೆ ಎಡೆಯಿಲ್ಲದಂತೆ ಕೂಡಿಕೊಂಡಿರುತ್ತವೆ. ಸುಣ್ಣದಂತಿರುವುದರಲ್ಲಿ ನಡುವೆ ಸಣ್ಣ ಸಣ್ಣ ಗಾಳಿಯ ಎಡೆಗಳಿವೆ, ಬೆಳಕು ಅಲ್ಲಿ ಚದುರುವುದರಿಂದಲೇ ಅದು ಬೆಳ್ಳಗೆ ಕಾಣುವುದು. ನೀರಿಗೆ ಆ ಎಡೆಗಳೇ ದಾರಿ.

ನೆನೆಸಿದರೆ ಅಂತರ ತಗ್ಗುವುದಕ್ಕೂ ಕಾರಣ ಇದೇ. ಆ ಹತ್ತು ಗಂಟೆ ಕಾಲದಲ್ಲಿ ಗಟ್ಟಿ ಕಾಳೂ ತನ್ನ ಪಾಲಿನ ನೀರಿನ ಬಹುಭಾಗವನ್ನು ಕುಡಿದಿರುತ್ತದೆ, ಬೆಳಿಗ್ಗೆ ಒಲೆಗೆ ಉಳಿಯುವುದು ಬೇಯಿಸುವ ಕೆಲಸ ಮಾತ್ರ. ಟೊಮೆಟೊದ ಹುಳಿ ಸೇರಿ ಹಿಂದುಳಿದದ್ದು ಇನ್ನಷ್ಟು ಹಿಂದುಳಿದಿರಬೇಕು. ಹಾಗಾಗಿ ತೌಡುಪ್ರಿಯೆ ಅವರ ಅಪರಾಧಿಯನ್ನು ಪೂರ್ತಿ ಬಿಡುಗಡೆ ಮಾಡಬೇಕಿಲ್ಲ.

ಬೆರೆತ ಡಬ್ಬಿಯನ್ನು ಮುಗಿಸುವವರೆಗೆ ನೀರನ್ನು ಅಳೆಯಬೇಡಿ. ದೊಡ್ಡ ಪಾತ್ರೆ, ಧಾರಾಳ ನೀರು, ಗಟ್ಟಿ ಕಾಳಿನ ಹದ ನೋಡಿ ಬಸಿಯಿರಿ. ಮೆತ್ತನೆಯದು ಒಂದಿಷ್ಟು ಒಡೆದುಕೊಳ್ಳಲಿ. ಬಸಿದ ನೀರನ್ನು ಚೆಲ್ಲದೆ ಸೂಪಿಗೆ ಬಳಸಿ, ಅದರಲ್ಲಿ ಕರಗಿದ ಜೀವಸತ್ವವೂ ಇದೆ, ಮಂದವೂ ಇದೆ.

ತೌಡುಪ್ರಿಯೆ

ಜಾಮೀನಿನ ಮೇಲೆ ಬಿಡೋಣ.

ನನ್ನದೊಂದು ಸೇರ್ಪಡೆ. ನೆನೆಸಲು ಮರೆತ ದಿನ ಒಣ ಕಾಳನ್ನು ದಪ್ಪ ತಳದ ಬಾಣಲೆಯಲ್ಲಿ ಐದು ನಿಮಿಷ ಹುರಿದು, ಕುದಿಯುವ ನೀರಿಗೆ ಸುರಿಯುತ್ತೇನೆ. ಬೇಗ ಬೇಯುತ್ತದೆಂದಲ್ಲ, ಪರಿಮಳಕ್ಕಾಗಿ. ಮೊದಲು ಒಣ ಹುಲ್ಲಿನ ವಾಸನೆ, ಆಮೇಲೆ ಹುರಿದ ಬೀಜದ ವಾಸನೆ, ಎರಡು ಕಾಳು ಚಟಪಟ ಎಂದ ಕೂಡಲೇ ಇಳಿಸಬೇಕು. ಕೈ ಆಡಿಸುವುದನ್ನು ನಿಲ್ಲಿಸಿದರೆ ಕಹಿ.

ಜವೆ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಬಾರ್ಲಿ ಬೇಯಿಸುತ್ತೇನೆ, ನೆನೆಸದೆಯೂ 35 ನಿಮಿಷದಲ್ಲಿ ಆಗುತ್ತದೆ. ಗೋಧಿಗೇಕೆ ಇಷ್ಟು ರಗಳೆ?

ಅಳತೆ ಬಟ್ಟಲು

ನಿಮ್ಮದು ಬೆಳ್ಳಗೆ, ಮುತ್ತಿನಂತೆ ಇದೆಯೇ? ಹಾಗಿದ್ದರೆ ಅದು ಉಜ್ಜಿ ತೌಡು ತೆಗೆದ ಬಾರ್ಲಿ, ಇಡೀ ಧಾನ್ಯವಲ್ಲ. ಹೊರಸಿಪ್ಪೆ ಮಾತ್ರ ತೆಗೆದ ಕಂದು ಬಾರ್ಲಿಯನ್ನು ತಂದು ನೋಡಿ, ಅದೂ ಗಂಟೆ ಕೇಳುತ್ತದೆ. ಹಾಗೆಯೇ ಬುಲ್ಗುರ್ ಎಂದು ಸಿಗುವುದು ಬೇಯಿಸಿ, ಒಣಗಿಸಿ, ಒಡೆದ ಗೋಧಿ. ಬಿಸಿನೀರು ಹೊಯ್ದರೆ ಸಾಕು. ಹಸಿ ಗೋಧಿ ನುಚ್ಚು ನೋಡಲು ಅದರಂತೆಯೇ ಇದ್ದರೂ ಬೇಯಿಸಲೇಬೇಕು. ಇದೆರಡನ್ನು ಅದಲುಬದಲು ಮಾಡಿ ನಾನೊಮ್ಮೆ ಸಲಾಡ್ ಮಾಡಿದ್ದೆ. ಮರಳು ತಿಂದಂತಿತ್ತು.

ಜವೆ

ಮುತ್ತಿನಂತೆಯೇ ಇದೆ. ಇಷ್ಟು ದಿನ ತೌಡು ತಿನ್ನುತ್ತಿದ್ದೇನೆಂದು ಬೀಗುತ್ತಿದ್ದೆ. ಇನ್ನೊಂದು ಕೇಳಿಬಿಡುತ್ತೇನೆ, ನನ್ನ ಗೆಳತಿಗೆ ಸೀಲಿಯಾಕ್ ಕಾಯಿಲೆ. ಸ್ಪೆಲ್ಟ್ ಹಳೆಯ ತಳಿ, ಅದು ಆಗುತ್ತದೆ ಎನ್ನುತ್ತಾರಲ್ಲ?

ನಿಧಾನ ಉರಿ

ಆಗುವುದಿಲ್ಲ. ಸ್ಪೆಲ್ಟ್ ಕೂಡ ಗೋಧಿಯೇ, ಆ ಕಾಯಿಲೆಯವರ ಕರುಳಿಗೆ ಹಾನಿ ಮಾಡುವ ಗ್ಲುಟೆನ್ ಎಂಬ ಪ್ರೋಟೀನ್ ಅದರಲ್ಲೂ ಇದೆ. ಬಾರ್ಲಿ, ರೈ ಕೂಡ ಅವರಿಗೆ ಬೇಡ. ಜೋಳ, ರಾಗಿ, ಕಂದು ಅಕ್ಕಿ, ಕಿನೋವಾ ಆಗುತ್ತದೆ, ಗೋಧಿಯೊಂದಿಗೆ ಬೆರೆಯದಂತೆ ಪ್ಯಾಕ್ ಮಾಡಿದ್ದನ್ನು ನೋಡಿ ತರಲಿ.

ಹೊಸ ಒಲೆ

ಇಂದು ಎರಡು ಬಟ್ಟಲು ನೆನೆಸಿ ಬೇಯಿಸಿದ್ದು ಬೆಟ್ಟದಷ್ಟಾಗಿದೆ. ರಾತ್ರಿ ಪಾತ್ರೆಯನ್ನು ಒಲೆಯ ಮೇಲೆಯೇ ಮುಚ್ಚಿಟ್ಟು ಬೆಳಿಗ್ಗೆ ಚೆನ್ನಾಗಿ ಕುದಿಸಿಕೊಂಡರೆ ನಡೆಯುತ್ತದೆ ಅಲ್ಲವೇ? ಮೊದಲ ಮೂರು ಸಲ ಹಾಗೆಯೇ ಮಾಡಿದ್ದೆ.

ತಣ್ಣನೆ ತಟ್ಟೆ

ನಾನು ಓದುತ್ತಾ ಮಾತ್ರ ಇದ್ದವನು, ಇದಕ್ಕೆ ಉತ್ತರಿಸದೆ ಇರಲಾರೆ. ದಯವಿಟ್ಟು ಹಾಗೆ ಮಾಡಬೇಡಿ. ಧಾನ್ಯಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಅವು ಕುದಿತಕ್ಕೆ ಸಾಯುವುದಿಲ್ಲ. ಬೆಂದ ಕಾಳು ಗಂಟೆಗಟ್ಟಲೆ ಬೆಚ್ಚಗೆ ಕುಳಿತಾಗ ಮೊಳೆತು, ಹೆಚ್ಚಿ, ವಿಷವನ್ನು ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮರುದಿನ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ವಾಸನೆ, ರುಚಿಯಲ್ಲಿ ಸುಳಿವೂ ಸಿಗದಿರಬಹುದು.

ಈಗಲೇ ಎದ್ದು, ನೀರು ಬಸಿದು, ಅಗಲವಾದ ತಟ್ಟೆಗಳಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ. ಆವಿ ಏಳುವುದು ನಿಂತ ಕೂಡಲೇ ಡಬ್ಬಿಗೆ ಹಾಕಿ ಫ್ರಿಜ್ಜಿಗೆ, ಒಟ್ಟು ಎರಡು ಗಂಟೆ ಮೀರದಂತೆ. ಮೂರು ನಾಲ್ಕು ದಿನದಲ್ಲಿ ಮುಗಿಸಿ. ಉಳಿದದ್ದನ್ನು ಒಂದೊಂದು ಊಟದಷ್ಟು ಚೀಲಕ್ಕೆ ಹಾಕಿ, ಚಪ್ಪಟೆ ಮಾಡಿ ಫ್ರೀಜರಿನಲ್ಲಿಡಿ. ಇಡೀ ಗೋಧಿಯಷ್ಟು ಚೆನ್ನಾಗಿ ಫ್ರೀಜರ್ ತಾಳುವ ಬೆಂದ ಆಹಾರ ಕಡಿಮೆ, ಕರಗಿದಾಗ ಕಾಳು ಕಾಳಾಗಿಯೇ ಇರುತ್ತದೆ.

ಹೊಸ ಒಲೆ

ಎದ್ದೆ. ಮನೆಯಲ್ಲಿರುವ ತಟ್ಟೆಗಳೆಲ್ಲ ಮೇಜಿನ ಮೇಲಿವೆ.

ತೌಡುಪ್ರಿಯೆ

ಫ್ರಿಜ್ಜಿನಿಂದ ತೆಗೆದಾಗ ಗಟ್ಟಿಯಾಗಿದೆ ಎಂದು ಹೆದರಬೇಡಿ. ತಣ್ಣಗಾದ ಪಿಷ್ಟ ಬಿಗಿದುಕೊಳ್ಳುತ್ತದೆ, ಎರಡು ಚಮಚ ನೀರು ಚಿಮುಕಿಸಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಸಲಾಡಿಗಾದರೆ ಆ ಬಿಗಿಯೇ ಚೆಂದ. ನಿಂಬೆರಸ, ಎಣ್ಣೆಯನ್ನು ಮಾತ್ರ ಕಾಳು ಇನ್ನೂ ಬೆಚ್ಚಗಿರುವಾಗಲೇ ಕಲಸಿಡಿ, ಒಳಗೆ ಇಳಿಯುತ್ತದೆ.

ಅಳತೆ ಬಟ್ಟಲು

ಹೊಸ ಒಲೆಯವರೇ, ಡಬ್ಬಿಯ ತಳದ ಹಳೆಯ ಗೋಧಿಯನ್ನು ಮೂಸಿ ನೋಡಿದಿರಾ? ಮೊಳಕೆಯ ಕಣ್ಣಿನಲ್ಲಿ ಎಣ್ಣೆ ಇರುತ್ತದೆ. ಇಡೀ ಕಾಳು ಹಿಟ್ಟಿಗಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ, ಆದರೂ ಕಮಟು ವಾಸನೆ ಬಂದಿದ್ದರೆ ಬೇಯಿಸಿ ಪ್ರಯೋಜನವಿಲ್ಲ.

ಹೊಸ ಒಲೆ

ಮೂಸಿದೆ. ಒಣ ಹುಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಜರಡಿ ಹಿಡಿದು ನೋಡಿದೆ, ಗುಂಡನೆಯವು ಮೇಲೆ ನಿಲ್ಲುತ್ತವೆ, ಸಣಕಲು ಬಹುಪಾಲು ಕೆಳಗೆ ಬೀಳುತ್ತದೆ. ಇನ್ನು ಆರಿಸುವ ಕೆಲಸವಿಲ್ಲ. ಗಾಜಿನ ಕಾಳು ಎರಡು ಬಟ್ಟಲು ಸಿಕ್ಕಿತು, ಹೊಸ ಡಬ್ಬಿಗೆ ಹಾಕಿ ಮೇಲೆ ಚೀಟಿ ಅಂಟಿಸಿದ್ದೇನೆ. ಮಧ್ಯಾಹ್ನ ಅಣಬೆ, ಬೆಳ್ಳುಳ್ಳಿ ಹುರಿದು ಬೆಂದ ಗೋಧಿಯನ್ನು ಅದರಲ್ಲಿ ಹೊರಳಿಸಿ ಬಡಿಸಿದೆ, ಟೊಮೆಟೊ ಕೊನೆಯಲ್ಲಿ. ಮನೆಯವರು ಏನೂ ಹೇಳದೆ ಎರಡನೇ ಸಲ ಹಾಕಿಸಿಕೊಂಡರು.

ಮುಚ್ಚಳ

ಎಷ್ಟು ಕೂಗು?